ಒಣಗಿದ್ದೊಂದೇ ಮರ ಕಡಿಯಲು ಕಾರಣವಾಗಬಾರದು

ಮರ ಒಣಗಿತೆಂದರೆ ಅದರ ಕೆಲಸ ಮುಗಿಯಿತೆಂದೇ ನಾವು ತೀರ್ಮಾನಿಸಿಬಿಡುತ್ತೇವೆ. ನಮ್ಮ ಕಾನೂನಿನ ಧೋರಣೆಯೂ ಅದೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು; ಆದರೆ ಮರ ಸತ್ತಿದ್ದರೆ ಆ ಅನುಮತಿಯನ್ನು ನಿರಾಕರಿಸುವಂತಿಲ್ಲ. ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರದ ವಿಚಾರವನ್ನು ಅದೇ ಕಾಯ್ದೆ ಬೇರೆಯಾಗಿಯೇ ಹೇಳಿದೆ. ಹಾಗಿರುವಾಗ ಯಾರ ತಲೆಯ ಮೇಲೂ ಬೀಳದ ಒಣಮರವನ್ನೂ ಉರುಳಿಸಲು ಅವಕಾಶ ಏಕಿರಬೇಕು?

ಒಣಮರದಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಶಿಲೀಂಧ್ರದ ಎಳೆಗಳು ಗಟ್ಟಿ ಕಟ್ಟಿಗೆಯೊಳಗೆ ಹಬ್ಬಿ ಅದನ್ನು ಮೆದುಮಾಡುತ್ತವೆ. ದುಂಬಿಯ ಮರಿಹುಳುಗಳು ತೊಗಟೆಯಡಿ ಸುರಂಗ ಕೊರೆಯುತ್ತವೆ, ಅವನ್ನು ಹುಡುಕಿಕೊಂಡು ಮರಕುಟಿಗ ಬರುತ್ತದೆ. ಕುಟ್ರುಹಕ್ಕಿ ಒಣಗಿ ಮೆತ್ತಗಾದ ಕೊಂಬೆಯನ್ನೇ ಆರಿಸಿಕೊಂಡು, ಹೊಟ್ಟನ್ನು ಹೊರಗೆಸೆಯುತ್ತ ದುಂಡನೆಯ ಗೂಡು ತೋಡುತ್ತದೆ. ಗಿಳಿ, ಗೊರವಂಕ, ಹಾಲಕ್ಕಿಗಳಿಗೆ ಇಂಥ ಪೊಟರೆಯನ್ನು ಹೊಸದಾಗಿ ಕೊರೆಯುವ ಶಕ್ತಿಯಿಲ್ಲ. ಬೇರೆ ಹಕ್ಕಿಗಳು ಬಿಟ್ಟುಹೋದ ಪೊಟರೆಗಳೂ ತಾನಾಗಿ ಟೊಳ್ಳಾದ ಮರಗಳೂ ಅವಕ್ಕೆ ಆಸರೆ. ಈ ವಿಷಯವನ್ನು ಆಳವಾಗಿ ಅಭ್ಯಾಸ ಮಾಡಿರುವ ಫಿನ್ಲೆಂಡ್‌ನಲ್ಲಿ, ಕಾಡಿನ ಸುಮಾರು 4,000ದಿಂದ 5,000 ಜಾತಿಯ ಜೀವಿಗಳು ಸತ್ತ ಮರವನ್ನು ಅವಲಂಬಿಸಿವೆ ಎಂದು ಲೆಕ್ಕ ಹಾಕಿದ್ದಾರೆ.

ಆದರೂ ಒಣಮರ ಕಂಡರೆ ನಮಗೆ ಅಪಶಕುನದ ಭಾವ. ಇದರಲ್ಲಿ ಕಲೆಯ ಪಾಲೂ ಇದೆ. ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಖ್ 1809–10ರಲ್ಲಿ ರಚಿಸಿದ ಚಿತ್ರದಲ್ಲಿ ಬೋಳು ಓಕ್ ಮರಗಳ ನಡುವಿನ ಪಾಳು ಮಠಕ್ಕೆ ಶವಪೆಟ್ಟಿಗೆ ಸಾಗುತ್ತದೆ. 1918ರಲ್ಲಿ ಬ್ರಿಟನ್ನಿನ ಪಾಲ್ ನ್ಯಾಶ್ ಮಹಾಯುದ್ಧದ ನೆಲವನ್ನು ಚಿತ್ರಿಸಿದಾಗ ಒಬ್ಬ ಮನುಷ್ಯನನ್ನೂ ತೋರಿಸದೆ, ಮುರಿದ ಬೊಡ್ಡೆಗಳಿಂದಲೇ ಸಾವನ್ನು ಹೇಳಿದರು. ಅವು ಶೆಲ್ ದಾಳಿಗೆ ಬಲಿಯಾದ ಮರಗಳು. ವಯಸ್ಸಾಗಿ ಒಣಗಿದ ಮರಕ್ಕೂ ಅದೇ ಅರ್ಥ ಹಚ್ಚುವುದು ತಪ್ಪು. ಲಾಲ್‌ಬಾಗ್‌ನಲ್ಲಿ ಸತ್ತ ಮರಗಳ ಕಾಂಡಗಳನ್ನು ಶಿಲ್ಪವಾಗಿಸಿದ್ದು ಮೆಚ್ಚತಕ್ಕದ್ದೇ. ಆದರೆ ಕೆತ್ತಿ ವಾರ್ನಿಶ್ ಬಳಿದ ಮರ ಮನುಷ್ಯರ ಕಣ್ಣಿಗೆ ಹಬ್ಬವಾಗುತ್ತದೆಯೇ ಹೊರತು ಹುಳಹುಪ್ಪಟೆಗೆ ಊಟವಾಗುವುದಿಲ್ಲ.

ಒಣಮರ ಬಿಟ್ಟರೆ ಕೀಟಬಾಧೆ ಹರಡುತ್ತದೆ ಎಂಬ ಆಕ್ಷೇಪಕ್ಕೆ ಜರ್ಮನಿಯ ಬವೇರಿಯನ್ ಅರಣ್ಯ ರಾಷ್ಟ್ರೀಯ ಉದ್ಯಾನದ ಅನುಭವ ಉತ್ತರ ಕೊಡುತ್ತದೆ. 1983ರ ಬಿರುಗಾಳಿಗೆ ಉರುಳಿದ ಮರಗಳನ್ನು ಅಲ್ಲಿ ಹಾಗೆಯೇ ಬಿಟ್ಟರು. ಮುಂದೆ ತೊಗಟೆ ಕೊರೆಯುವ ದುಂಬಿಗಳು ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಕಾಡನ್ನು ಒಣಗಿಸಿದವು, ಊರವರು ಸಿಟ್ಟಿಗೆದ್ದರು. ಉದ್ಯಾನದ ಅಂಚಿನಲ್ಲಿ ಮಾತ್ರ ಕೀಟ ಹತ್ತಿದ ಮರ ಕಡಿದು, ಒಳಗೆ ಕೈಹಾಕಲಿಲ್ಲ. ಇಂದು ಆ ಒಣಮರಗಳ ಬುಡದಲ್ಲೇ ಹೊಸ ಕಾಡು ಎದ್ದಿದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2000ದಲ್ಲಿ, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಬಿದ್ದ ಮರಗಳನ್ನು ಸಾಗಿಸಬಾರದೆಂದು ತಡೆ ನೀಡಿತು.

ಕಾಡಿನ ಮಾತು ಸರಿ, ಊರಲ್ಲಿ ಮರ ಬಿದ್ದರೆ ಹೊಣೆ ಯಾರು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ರಸ್ತೆ, ಶಾಲೆ, ವಿದ್ಯುತ್ ತಂತಿಯ ಪಕ್ಕದ ಒಣಮರ ತೆಗೆಯಲೇಬೇಕು. ಆದರೆ ಕೆರೆಯಂಗಳ, ಗುಂಡುತೋಪು, ದೊಡ್ಡ ಉದ್ಯಾನಗಳ ಮೂಲೆಯಲ್ಲಿ ಕೊಂಬೆಗಳನ್ನಷ್ಟೇ ಸವರಿ, ಗಟ್ಟಿ ಕಾಂಡವನ್ನು ಬಿಡಬಹುದು. ಸೌದೆ ನಂಬಿದ ಬಡವರ ಹಕ್ಕಿಗೂ ಇದರಿಂದ ಧಕ್ಕೆಯಿಲ್ಲ: ಅವರು ಆಯುವುದು ಹೆಚ್ಚಾಗಿ ಪುರಲೆ, ಉದುರಿದ ರೆಂಬೆಗಳನ್ನು. ಬುಡಸಮೇತ ಒಯ್ಯುವುದು ಲಾರಿಗಳು.

ಆದ್ದರಿಂದ ಕಾಯ್ದೆಗೆ ಸಣ್ಣ ತಿದ್ದುಪಡಿ ಸಾಕು. ಮರ ಸತ್ತಿದೆಯೇ ಎಂಬುದರ ಜೊತೆಗೆ, ಅದು ಯಾರಿಗೆ ಅಪಾಯ, ಪೊಟರೆಯಲ್ಲಿ ಗೂಡಿದೆಯೇ, ಕಾಂಡವನ್ನಾದರೂ ಉಳಿಸಬಹುದೇ ಎಂಬುದನ್ನು ಅಧಿಕಾರಿ ಬರೆದು ದಾಖಲಿಸಲಿ. ಅಪಾಯವಿಲ್ಲವೆಂದು ಕಂಡಲ್ಲಿ ಅನುಮತಿ ನಿರಾಕರಿಸುವ ಅಧಿಕಾರವೂ ಅವರಿಗಿರಲಿ.