ಎಕ್ಮೋ: ಯಾವ ಮಗುವಿಗೆ, ಎಲ್ಲಿ?

ಉಸಿರಾಟದ ವೈರಸ್‌ಗಳಾದ ಆರ್‌ಎಸ್‌ವಿ ಅಥವಾ ಇನ್‌ಫ್ಲುಯೆಂಜಾದ ಸೋಂಕು ಉಲ್ಬಣಿಸಿ ವೆಂಟಿಲೇಟರ್ ಕೂಡ ಸಾಲದಾದಾಗ ಮಗುವಿಗೆ ಉಳಿಯುವ ಕೊನೆಯ ಆಸರೆ ಎಕ್ಮೋ. ಕುತ್ತಿಗೆಯ ರಕ್ತನಾಳದ ಕೊಳವೆಯಿಂದ ಕಪ್ಪುಗೆಂಪು ರಕ್ತ ಹೊರಬಂದು, ಯಂತ್ರದಲ್ಲಿ ಆಮ್ಲಜನಕ ಪಡೆದು, ಅಚ್ಚಕೆಂಪಾಗಿ ದೇಹಕ್ಕೆ ಮರಳುತ್ತದೆ. ನಮ್ಮಂಥ ದೇಶದಲ್ಲಿ ಈ ಸೌಲಭ್ಯವನ್ನು ಎಷ್ಟು ವಿಸ್ತರಿಸಬೇಕು ಎಂಬುದು ಪ್ರಾಮಾಣಿಕ ಭಿನ್ನಾಭಿಪ್ರಾಯದ ವಿಷಯ.

ವಿಸ್ತರಿಸಬೇಕೆನ್ನುವವರ ವಾದ ಬಲವಾದದ್ದು. ವೈರಸ್ ಸೋಂಕು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಎಳೆಯ ಶ್ವಾಸಕೋಶವನ್ನು ಒತ್ತಡದ ಗಾಳಿಯಿಂದ ಗಾಸಿಗೊಳಿಸದೆ ವಿಶ್ರಾಂತಿ ಕೊಟ್ಟರೆ ಅದು ಚೇತರಿಸಿಕೊಳ್ಳಬಲ್ಲದು. 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಎಕ್ಮೋಗೆ ಕಳಿಸಿದ 93 ಶಿಶುಗಳಲ್ಲಿ 30, ಸಾಮಾನ್ಯ ಚಿಕಿತ್ಸೆಯ 92ರಲ್ಲಿ 54 ಶಿಶುಗಳು ತೀರಿಕೊಂಡವು.

ಆದರೆ ಅವೆಲ್ಲ ನವಜಾತ ಶಿಶುಗಳು. ಅವುಗಳಿಗಿಂತ ದೊಡ್ಡ ಮಕ್ಕಳಲ್ಲಿ ಅಷ್ಟು ಗಟ್ಟಿ ಪುರಾವೆಯಿಲ್ಲ. ಎಕ್ಮೋ ಪಡೆದ ಮತ್ತು ಪಡೆಯದ ಮಕ್ಕಳ 2018ರ ಅಮೆರಿಕದ ಹೋಲಿಕೆಯೊಂದರಲ್ಲಿ ಸಾವಿನ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಿಂದ ಮಿದುಳಿನಲ್ಲೇ ರಕ್ತಸ್ರಾವವಾಗಬಹುದು. ವೆಚ್ಚಕ್ಕೆ ಮನೆ ಮಾರಬೇಕಾದೀತು.

ಎಕ್ಮೋ ಪರ ಇರುವವರು ಇದಕ್ಕೂ ಉತ್ತರ ಕೊಡುತ್ತಾರೆ: ಅಂಥ ಹೋಲಿಕೆಗಳು ಎಲ್ಲ ಉಪಾಯ ಸೋತ ಮಗುವಿನ ಪ್ರಶ್ನೆಯನ್ನು ಪೂರ್ತಿ ಬಗೆಹರಿಸಲಾರವು. ಎದುರಿಗಿರುವ ಮಗುವನ್ನು ಸರಾಸರಿ ಲೆಕ್ಕದಲ್ಲಿ ಕೈಬಿಡುವುದು ಸುಲಭವಲ್ಲ. ಈ ಮಾತನ್ನು ತಳ್ಳಿಹಾಕಲಾಗದು.

ಮೊದಲು ಅಗ್ಗದ ಸಾಧನ ಎನ್ನುವ ಇನ್ನೊಂದು ಕಡೆಯವರು ಢಾಕಾದತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ನೀರಿನ ಬಾಟಲಿಯಲ್ಲಿ ಮುಳುಗಿಸಿದ ಕೊಳವೆಯ ಅಗ್ಗದ ಬಬಲ್ ಸಿಪ್ಯಾಪ್ (ನಿರಂತರ ಒತ್ತಡದಲ್ಲಿ ಉಸಿರಿಗೆ ಗಾಳಿ ಕೊಡುವ ಸಾಧನ) ಪಡೆದ, ತೀವ್ರ ನ್ಯುಮೋನಿಯಾದ ಮಕ್ಕಳಲ್ಲಿ ಸಾವು ಶೇ. 4, ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ಶೇ. 15 (2015). ಆದರೆ ವೈದ್ಯರ ನಿತ್ಯದ ನಿಗಾ ಇಲ್ಲದ ಮಲಾವಿಯ ಆಸ್ಪತ್ರೆಯೊಂದರಲ್ಲಿ ಇದೇ ಬಗೆಯ ಉಪಕರಣದಿಂದ ಲಾಭವಾಗಲಿಲ್ಲ. ಅಗ್ಗದ ಸಾಧನಕ್ಕೂ ಪಳಗಿದ ಕೈ ಬೇಕು; ಟಾರ್ಚ್ ಹಿಡಿದು ಕೊಳವೆಯಲ್ಲಿ ಹೆಪ್ಪು ಹುಡುಕುವ ನರ್ಸ್ ಇಲ್ಲದ ಎಕ್ಮೋ ಅಪಾಯವೇ ಸರಿ.

ಹೀಗಾಗಿ ಎಚ್ಚರಿಕೆಯ ಮಧ್ಯಮ ಮಾರ್ಗವೇ ಹೆಚ್ಚು ಸಮಂಜಸವೆನಿಸುತ್ತದೆ. ಮೊದಲ ಹಣ ಜಿಲ್ಲಾ ಆಸ್ಪತ್ರೆಗಳ ಆಮ್ಲಜನಕಕ್ಕೆ, ಸಿಪ್ಯಾಪ್‌ಗೆ, ನರ್ಸ್‌ಗಳ ತರಬೇತಿಗೆ ಹೋಗಲಿ. ಎಕ್ಮೋ ಕೆಲವೇ ಕೇಂದ್ರಗಳಲ್ಲಿ, ಸರ್ಕಾರದ ನೆರವಿನೊಂದಿಗೆ ಇರಲಿ. ಚೇತರಿಕೆಯ ಸಾಧ್ಯತೆಯಿರುವ ಮಗು ತಡವಾಗದೆ ಅಲ್ಲಿಗೆ ತಲುಪಲಿ. ಯಂತ್ರವನ್ನು ಎಂದು ನಿಲ್ಲಿಸಬೇಕಾದೀತು ಎಂಬುದನ್ನು ಪೋಷಕರೊಂದಿಗೆ ಮೊದಲೇ ಮಾತಾಡಿಕೊಳ್ಳುವುದೂ ಚಿಕಿತ್ಸೆಯ ಭಾಗವಾಗಬೇಕು.