ಗಾಳಿಗೆ ಹೆದರಿ ಗಟ್ಟಿ ಮರ ಕಡಿಯುವುದು ಬೇಡ

ಅಶ್ವಿನಿ, ಭರಣಿ ಮಳೆ ಹತ್ತಿರವಾದಂತೆ ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಓಣಿಗಳಲ್ಲಿ ‘ಮನೆ ಮುಂದಿನ ಮರ ಬೀಳುವ ಮೊದಲೇ ಕಡಿಸಿಬಿಡಿ’ ಎಂಬ ಮಾತು ಏಳುವುದು ಸಹಜ. ತಗಡು ಹಾರುವುದನ್ನು, ಕರೆಂಟ್ ಕಂಬ ಉರುಳುವುದನ್ನು ಕಂಡವರ ಹೆದರಿಕೆ ಅದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೂ ಗಾಳಿಯ ನೆಪದಲ್ಲಿ ಗಟ್ಟಿ ಮರಕ್ಕೆ ಕೊಡಲಿ ಹಾಕುವುದು ತಪ್ಪು. ಬಯಲುಸೀಮೆಯ ಬಿರುಗಾಳಿ ಕರಾವಳಿಯ ಚಂಡಮಾರುತದಂತೆ ದಿನಗಟ್ಟಲೆ ಮುಂಚೆ ಸುಳಿವು ಕೊಟ್ಟು ಬರುವುದಿಲ್ಲ. ಮಧ್ಯಾಹ್ನದ ಕಾವಿಗೆ ಮೋಡ ಕಟ್ಟಿ, ಸಂಜೆ ಧೂಳೆಬ್ಬಿಸಿ, ಒಂದೂರಿಗೆ ಅಪ್ಪಳಿಸಿ ಪಕ್ಕದೂರನ್ನು ಬಿಟ್ಟು ಹೋಗುತ್ತದೆ. ಹವಾಮಾನ ಇಲಾಖೆ ಜಿಲ್ಲೆಗೆ ಎಚ್ಚರಿಕೆ ಕೊಡಬಲ್ಲುದು, ಯಾವ ಓಣಿಗೆ ಗಾಳಿ ನುಗ್ಗೀತು ಎಂದು ಹೇಳಲಾರದು. ಹೀಗಿರುವಾಗ ಮುಂಜಾಗ್ರತೆಗೆಂದು ಕಡಿಯಲು ಹೊರಟರೆ ಎಲ್ಲ ಊರಿನ ಎಲ್ಲ ದೊಡ್ಡ ಮರಗಳನ್ನೂ ಕಡಿಯಬೇಕಾಗುತ್ತದೆ.

ಉರುಳಿದ ಮರದ ಬುಡವನ್ನು ಒಮ್ಮೆ ಬಗ್ಗಿ ನೋಡಬೇಕು. ಎಷ್ಟೋ ಕಡೆ ಒಂದು ಮಗ್ಗುಲಿನ ಬೇರುಗಳು ಎಳೆದು ಹರಿದಿರುತ್ತವೆ, ಇನ್ನೊಂದು ಮಗ್ಗುಲಿನವು ಚರಂಡಿಯ ಗೋಡೆಗುಂಟ ನೇರವಾಗಿ ಕತ್ತರಿಸಿಹೋಗಿ, ತುದಿ ಕಪ್ಪಾಗಿ ಕೊಳೆತಿರುತ್ತವೆ. ಜೆಸಿಬಿ ಅಗೆದು ಹೋದ ಗುರುತು ಅದು. ಸಿಸಿ ರಸ್ತೆಯ ಕಾಂಕ್ರೀಟ್ ಕಾಂಡಕ್ಕೇ ತಾಗಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ತಂತಿಗೆ ತಾಗುತ್ತದೆಂದು ವರ್ಷವರ್ಷವೂ ಒಂದೇ ಕಡೆಯ ಕೊಂಬೆ ಕಡಿದರೆ ಮರದ ಭಾರವೆಲ್ಲ ಇನ್ನೊಂದು ಕಡೆಗೆ ವಾಲುತ್ತದೆ. ಬೆಂಗಳೂರಿನಲ್ಲಿ 2024ರ ಜೂನ್ 2ರಂದು 111 ಮಿ.ಮೀ. ಮಳೆ ಸುರಿದು ನೂರಾರು ಮರಗಳು ನೆಲಕ್ಕುರುಳಿದಾಗಲೂ ತಜ್ಞರು ಬೊಟ್ಟು ಮಾಡಿದ್ದು ಇಂಥ ಕಾರಣಗಳತ್ತಲೇ. ಜಾತಿಯ ಪ್ರಶ್ನೆಯೂ ಇದೆ. ಬೇಗ ನೆರಳು ಸಿಗಲೆಂದು ನೆಟ್ಟ ಗುಲ್‌ಮೊಹರ್‌ನಂಥ ಮರಗಳ ಬೇರು ಮೇಲ್ಮೇಲೆ, ರೆಂಬೆ ಪೆಡಸು. 2016ರ ಡಿಸೆಂಬರ್‌ನಲ್ಲಿ ವಾರ್ಧಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ಹೆಚ್ಚಾಗಿ ಬಿದ್ದವು ಅಂಥವೇ. ಹುಣಸೆ ಗಾಳಿಗೆ ಜಗ್ಗದ ಮರ. ಬೇವು ಈ ಕೆಂಪು ನೆಲದಲ್ಲಿ ಬೇರನ್ನು ಆಳಕ್ಕಿಳಿಸಿ ಬರವನ್ನೇ ದಾಟುತ್ತದೆ.

‘ಮರ ಬಿದ್ದು ಜೀವ ಹೋದರೆ ಯಾರು ಹೊಣೆ?’ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಟೊಳ್ಳಾದ, ಬುಡದಲ್ಲಿ ಅಣಬೆ ಎದ್ದ, ಹೊಸದಾಗಿ ವಾಲಿದ, ಸುತ್ತ ಮಣ್ಣು ಬಿರುಕು ಬಿಟ್ಟ ಮರವನ್ನು ಉಳಿಸಿ ಎಂದು ನಾನು ಹೇಳುತ್ತಿಲ್ಲ. ಪ್ರಾಣಕ್ಕೆ, ಆಸ್ತಿಗೆ ಅಪಾಯ ತರುವ ಮರ ತೆಗೆಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ಅವಕಾಶವಿದೆ. ಅರ್ಜಿ ಕೊಟ್ಟವರನ್ನು ಮಳೆಗಾಲ ಮುಗಿಯುವವರೆಗೆ ಅಲೆದಾಡಿಸುವುದು ಮಾತ್ರ ಅನ್ಯಾಯ, ಅದು ನಿಲ್ಲಬೇಕು. ಆದರೆ ಅಪಾಯದ ಮರ ಬೇರೆ, ದೊಡ್ಡ ಮರ ಬೇರೆ. ಒತ್ತೊತ್ತಾಗಿ ಬೆಳೆದ ಮರಗಳು ಗಾಳಿಯ ಹೊಡೆತವನ್ನು ಹಂಚಿಕೊಂಡಿರುತ್ತವೆ. ನಡುವಿನ ಎರಡನ್ನು ತೆಗೆದರೆ ಉಳಿದವು ಅಭ್ಯಾಸವಿಲ್ಲದ ಗಾಳಿಗೆ ಮೈಯೊಡ್ಡಬೇಕಾಗುತ್ತದೆ. ಹಿಂದಿನ ತಗಡಿನ ಮನೆಗಳ ಮರೆಯೂ ಹೋಗುತ್ತದೆ. ‘ಕಡಿಯದಿದ್ದರೆ ತಲೆಯನ್ನಾದರೂ ಬೋಳಿಸಿ’ ಎಂಬ ರಾಜಿಯೂ ಅಪಾಯವೇ: ಬೋಳಿಸಿದ ಜಾಗ ಕೊಳೆಯುತ್ತದೆ, ಅಲ್ಲಿಂದ ಚಿಗುರುವ ಕೊಂಬೆಗಳಿಗೆ ಹಿಡಿತ ಕಡಿಮೆ, ಮೂರ್ನಾಲ್ಕು ವರ್ಷಕ್ಕೆ ಅವೇ ಮುರಿದು ಬೀಳುತ್ತವೆ.

ಪರೀಕ್ಷಿಸಲು ಪಂಚಾಯಿತಿಗಳಲ್ಲಿ ಜನವೆಲ್ಲಿ, ದುಡ್ಡೆಲ್ಲಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಡಿಸುವುದಕ್ಕೂ ದುಡ್ಡು ಬೇಕು, ಮೇಲಾಗಿ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿಗೆ ಏರುವ ಈ ಸೀಮೆಯಲ್ಲಿ ಹೋದ ನೆರಳು ಮರಳಲು ಇಪ್ಪತ್ತು ವರ್ಷ ಬೇಕು. ಸಂತೆಗೆ ಬಂದವರು, ಬಸ್ಸಿಗೆ ಕಾಯುವವರು, ಬೀದಿಬದಿ ತರಕಾರಿ ಮಾರುವ ಹೆಂಗಸರು ಆ ಇಪ್ಪತ್ತು ವರ್ಷ ಎಲ್ಲಿ ಕೂರಬೇಕು? ಶಿವರಾತ್ರಿಯಿಂದ ಯುಗಾದಿಯವರೆಗಿನ ಬಿಡುವಿನಲ್ಲಿ ಅರಣ್ಯ ಇಲಾಖೆ, ಜೆಸ್ಕಾಂ, ಪಂಚಾಯಿತಿಯವರು ಜತೆಯಾಗಿ ಓಣಿ ಸುತ್ತಿದರೆ ಸಾಕು. ಒಣಕೊಂಬೆ ಇಳಿಸುವುದು, ಎರಡೂ ಕಡೆ ಭಾರ ಸಮ ಮಾಡುವುದು, ಕೆಟ್ಟ ಮರಕ್ಕೆ ಗುರುತು ಹಾಕುವುದು ಆಗ ಮುಗಿಯುತ್ತದೆ. ಅದಕ್ಕಿಂತ ಮೊದಲು, ಚರಂಡಿ ಮತ್ತು ಸಿಸಿ ರಸ್ತೆಯ ಅಂದಾಜುಪಟ್ಟಿಯಲ್ಲೇ ಮರದ ಬುಡಕ್ಕೆ ಬಿಡಬೇಕಾದ ಜಾಗವನ್ನು ಬರೆಯಬೇಕು, ಬಿಡದ ಗುತ್ತಿಗೆದಾರನ ಬಿಲ್ ತಡೆಯಬೇಕು.