ಉತ್ತರಹಳ್ಳಿ: ಹೆಸರಳಿದ ಕ್ಷೇತ್ರ ಹೇಳುವ ಪಾಠ

ಕಳೆದ ತಿಂಗಳು ಬೆಂಗಳೂರಿನ ಉತ್ತರಹಳ್ಳಿಯ ಹಿರಿಯ ಗೃಹಸ್ಥರೊಬ್ಬರು ಮಗ, ಸೊಸೆ, ಮೊಮ್ಮಗಳೊಡನೆ ನಮ್ಮನ್ನು ಕಾಣಲು ಬಂದಿದ್ದರು. ಪ್ರಸಾದವಾದ ಬಳಿಕ ಮಾತು ಚುನಾವಣೆಯ ಕಡೆಗೆ ಹೊರಳಿತು. ಶಾಲೆಯಲ್ಲಿ ವಿಧಾನಸಭಾ ಕ್ಷೇತ್ರಗಳ ಪಟ್ಟಿ ಬರೆದುಕೊಂಡಿದ್ದ ಮೊಮ್ಮಗಳು, “ತಾತ, ಅದರಲ್ಲಿ ನಮ್ಮೂರಿನ ಹೆಸರೇ ಇಲ್ಲವಲ್ಲ?” ಎಂದಳು. “ಇಲ್ಲದೆ ಏನಮ್ಮ, ನಾನು ಇಷ್ಟು ವರ್ಷ ಮತ ಹಾಕಿದ್ದೇ ಉತ್ತರಹಳ್ಳಿ ಕ್ಷೇತ್ರದಲ್ಲಿ” ಎಂದು ಹಿರಿಯರು ವಾದಿಸಿದರು. ಇಬ್ಬರ ಮಾತೂ ನಿಜವೇ. ಅದು ಹೇಗೆಂಬುದನ್ನು ಈ ಸಲ ಓದುಗರೊಡನೆ ವಿಚಾರಿಸೋಣವೆಂದು ನಮಗೆ ತೋರಿತು.

ಕರ್ನಾಟಕ ವಿಧಾನಸಭೆಯಲ್ಲಿ 1957ರಲ್ಲಿ 208 ಸ್ಥಾನಗಳಿದ್ದವು. 1967ರಲ್ಲಿ ಅವು 216 ಆದವು. 1971ರ ಜನಗಣತಿಯನ್ನು ಆಧರಿಸಿದ ವಿಂಗಡಣೆಯಂತೆ 1978ರ ಚುನಾವಣೆಯ ಹೊತ್ತಿಗೆ 224 ಆದವು. ಅಷ್ಟರಲ್ಲಿ 1976ರ ಸಂವಿಧಾನದ 42ನೆಯ ತಿದ್ದುಪಡಿ ಬಂದು, 2000ದ ನಂತರದ ಮೊದಲ ಜನಗಣತಿಯವರೆಗೆ ಸ್ಥಾನಗಳ ಸಂಖ್ಯೆಯನ್ನಾಗಲಿ ಕ್ಷೇತ್ರಗಳ ಗಡಿಯನ್ನಾಗಲಿ ಬದಲಿಸಲಾಗದೆಂದು ಕಟ್ಟುಮಾಡಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳು ಪ್ರಾತಿನಿಧ್ಯದಲ್ಲಿ ನಷ್ಟ ಹೊಂದಬಾರದು ಎಂಬುದೇ ಅದರ ಆಶಯವಾಗಿತ್ತು. ಆಶಯ ಒಳ್ಳೆಯದೇ. ಆದರೆ ರಾಜ್ಯದೊಳಗಿನ ಗಡಿಗಳೂ ಅದರೊಡನೆ ಹೆಪ್ಪುಗಟ್ಟಿ ನಿಂತವು.

ಗಡಿ ನಿಂತರೂ ಜನ ನಿಲ್ಲಲಿಲ್ಲ. 1971ರಲ್ಲಿ ಸುಮಾರು ಹದಿನಾರೂವರೆ ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2001ರ ವೇಳೆಗೆ ಸುಮಾರು 57 ಲಕ್ಷಕ್ಕೆ ಏರಿತು. ಹಳೆಯ ಪೇಟೆಯಲ್ಲಿ ಹಿಡಿಸದ ಈ ಜನಸ್ತೋಮ ನೆಲೆಸಿದ್ದು ಊರ ಅಂಚಿನ ಹಳ್ಳಿಗಳಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾದವು. ಉತ್ತರಹಳ್ಳಿ ಕ್ಷೇತ್ರ ಇಂತಹ ಅಂಚಿನಲ್ಲಿತ್ತು. ಹತ್ತು ಜನರಿಗೆಂದು ಇಟ್ಟುಕೊಂಡ ಪಾತ್ರೆಯಲ್ಲಿಯೇ ಮನೆ ಬೆಳೆದಂತೆಲ್ಲ ಮೂವತ್ತು, ನಲವತ್ತು ಜನರಿಗೆ ಅಡುಗೆ ಮಾಡಬೇಕಾಗಿ ಬಂದರೆ ಹೇಗಿರುತ್ತದೆಯೋ ಹಾಗಾಯಿತು ಅದರ ಸ್ಥಿತಿ. ಮತದಾರರ ಸಂಖ್ಯೆಯಲ್ಲಿ ಅದು ದೇಶದಲ್ಲಿಯೇ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳ ಸಾಲಿಗೆ ಸೇರಿತು. ಆ ಇಡೀ ಜನಸ್ತೋಮಕ್ಕೆ ಇದ್ದವರು ಒಬ್ಬರೇ ಶಾಸಕರು. 1999 ಮತ್ತು 2004ರಲ್ಲಿ ಅಲ್ಲಿಂದ ಗೆದ್ದವರು ಭಾರತೀಯ ಜನತಾ ಪಕ್ಷದ ಶ್ರೀ ಆರ್. ಅಶೋಕ ಅವರು.

ಅದೇ 2004ರ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರು 40,752 ಮತಗಳನ್ನೂ, ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರು 40,751 ಮತಗಳನ್ನೂ ಪಡೆದರು. ಅಂತರ ಕೇವಲ ಒಂದು! ಸಂತೇಮರಹಳ್ಳಿಯಲ್ಲಿ ಒಂದು ಮತ ಒಬ್ಬರನ್ನು ಶಾಸನಸಭೆಗೆ ಕಳುಹಿಸಿತು. ಉತ್ತರಹಳ್ಳಿಯಲ್ಲಿ ಒಂದು ಮತ ಲಕ್ಷಾಂತರ ಮತಗಳಲ್ಲಿ ಕರಗಿಹೋಯಿತು. ಸಂವಿಧಾನವು ಬಡವ ಬಲ್ಲಿದರೆನ್ನದೆ ಎಲ್ಲರ ಕೈಗೂ ಒಂದೊಂದೇ ಮತವನ್ನಿತ್ತಿದೆ. ಆದರೆ ಗಡಿಯ ರೇಖೆ ಸರಿಯಾಗಿಲ್ಲದಿದ್ದರೆ ಎಣಿಕೆಯಲ್ಲಿ ಸಮನಾದುದು ತೂಕದಲ್ಲಿ ಸಮನಾಗದು.

ಈ ಅಸಮತೆಯನ್ನು ಸರಿಪಡಿಸಲು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯಂತೆ ಗಡಿಗಳನ್ನು ಹೊಸದಾಗಿ ಎಳೆಯಿತು. ಒಟ್ಟು ಸ್ಥಾನಗಳು 224 ಆಗಿಯೇ ಉಳಿದರೂ ಬೆಂಗಳೂರು ನಗರ ಜಿಲ್ಲೆಯ ಪಾಲು 28ಕ್ಕೆ ಏರಿತು. ಎಂದರೆ ಸಭೆಯ ಎಂಟನೆಯ ಒಂದು ಭಾಗ. ಹೊಸ ಗಡಿಗಳಂತೆ ದೇಶದಲ್ಲಿ ಮೊದಲು ಚುನಾವಣೆ ನಡೆದುದು ನಮ್ಮ ರಾಜ್ಯದಲ್ಲಿಯೇ, 2008ರ ಮೇ ತಿಂಗಳಿನಲ್ಲಿ. ಉತ್ತರಹಳ್ಳಿ, ಸಂತೇಮರಹಳ್ಳಿ ಎಂಬ ಎರಡು ಹೆಸರುಗಳೂ ಪಟ್ಟಿಯಿಂದ ಅಳಿದವು. ಕೂಡುಕುಟುಂಬ ಪಾಲಾದಂತೆ ಹಳೆಯ ಉತ್ತರಹಳ್ಳಿಯ ಭಾಗಗಳು ಪದ್ಮನಾಭನಗರ, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರ, ಯಶವಂತಪುರ ಮೊದಲಾದ ಕ್ಷೇತ್ರಗಳಲ್ಲಿ ಹಂಚಿಹೋದವು. ಉತ್ತರಹಳ್ಳಿ ಎಂಬ ಊರು ಬೆಂಗಳೂರು ದಕ್ಷಿಣಕ್ಕೆ ಸೇರಿತು. ಶ್ರೀ ಅಶೋಕ ಅವರು ಪದ್ಮನಾಭನಗರವನ್ನು ಆರಿಸಿಕೊಂಡು 2008, 2013, 2018 ಮತ್ತು 2023ರಲ್ಲಿ ಅಲ್ಲಿಂದ ಗೆದ್ದರು. ಬೆಂಗಳೂರು ದಕ್ಷಿಣದಲ್ಲಿ ಅದೇ ನಾಲ್ಕು ಸಲವೂ ಅದೇ ಪಕ್ಷದ ಶ್ರೀ ಎಂ. ಕೃಷ್ಣಪ್ಪ ಅವರು ಗೆದ್ದರು.

ಅಲ್ಲಿಗೆ ಕಥೆ ಮುಗಿಯಿತೆ? ಇಲ್ಲ. 2023ರ ಹೊತ್ತಿಗೆ ಬೆಂಗಳೂರು ದಕ್ಷಿಣದ ಮತದಾರರು ಆರು ಲಕ್ಷವನ್ನು ದಾಟಿದ್ದರು. ಶೃಂಗೇರಿ ಕ್ಷೇತ್ರದಲ್ಲಿದ್ದವರು ಒಂದೂ ಮುಕ್ಕಾಲು ಲಕ್ಷಕ್ಕೂ ಕಡಿಮೆ. ಹದಿನೈದು ವರ್ಷಗಳಲ್ಲಿ ಹಳೆಯ ರೋಗ ಹೊಸ ಹೆಸರಿನಲ್ಲಿ ಮರಳಿತು. ಸ್ಥಾನಗಳ ಮರುಹಂಚಿಕೆಯನ್ನು 84ನೆಯ ತಿದ್ದುಪಡಿಯು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿತ್ತು. ಗಡಿ ಎಳೆಯುವ ಕಾರ್ಯ ಮತ್ತೆ ಬರುವಾಗ ಆಕ್ಷೇಪಣೆ ಸಲ್ಲಿಸಲು ಜನರಿಗೂ ಅವಕಾಶವಿರುತ್ತದೆ. ಆಗ ಎಚ್ಚರದಿಂದಿರುವುದು ನಾಗರಿಕರ ಹೊಣೆ.

ಇಷ್ಟನ್ನು ಹೇಳಿ ಮುಗಿಸಿದಾಗ ಆ ಹಿರಿಯರ ಮಗನು, “ನನ್ನ ಮತ ಇಂದಿಗೂ ಹಿಂದೆ ಕೆಲಸದಲ್ಲಿದ್ದ ಊರಿನಲ್ಲಿಯೇ ಇದೆ. ಅಲ್ಲಿಗೆ ಹೋಗಲಾಗುವುದಿಲ್ಲ, ಇಲ್ಲಿ ಹೆಸರಿಲ್ಲ. ಎರಡು ಚುನಾವಣೆ ತಪ್ಪಿದವು” ಎಂದು ಸಂಕೋಚದಿಂದ ನುಡಿದನು. ನಾವು ಕ್ಷಣಕಾಲ ಮೌನವಾಗಿದ್ದೆವು. ಗಡಿಯ ದೋಷದಿಂದ ಮತದ ತೂಕ ತಗ್ಗುತ್ತದೆ, ನಿಜ. ಆದರೆ ಹಾಕದ ಮತಕ್ಕೆ ತೂಕವೇ ಇಲ್ಲ. 2023ರಲ್ಲಿ ರಾಜ್ಯದ ಮತದಾನ ಶೇಕಡಾ 73ನ್ನು ಮೀರಿದಾಗ ಬೆಂಗಳೂರಿನದು 55ರ ಆಸುಪಾಸಿನಲ್ಲಿಯೇ ನಿಂತಿತು. 2020ರ ನವೆಂಬರಿನ ಉಪಚುನಾವಣೆಯಲ್ಲಿ ರಾಜರಾಜೇಶ್ವರಿನಗರದ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಪದ್ಮನಾಭನಗರದ ನೆರೆಯ ಜಯನಗರದಲ್ಲಿಯೋ 2023ರ ಗೆಲುವಿನ ಅಂತರ ಬರಿಯ 16 ಮತ. ಒಂದು ಬೀದಿಯ ನಾಲ್ಕು ಮನೆಗಳವರು ಮನಸ್ಸು ಮಾಡಿದ್ದರೆ ಫಲಿತಾಂಶವೇ ಬೇರೆಯಾಗಬಹುದಿತ್ತು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೆ: ಮನೆ ಬದಲಿಸಿದವರು ನಮೂನೆ 8ನ್ನು ತುಂಬಿ ತಮ್ಮ ಹೆಸರನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಲಿ. ಹದಿನೆಂಟು ತುಂಬಿದ ಮಕ್ಕಳಿಗೆ ತಾಯ್ತಂದೆಯರು ನಮೂನೆ 6ನ್ನು ತುಂಬಿಸಲಿ. ಯಾವ ಪಕ್ಷಕ್ಕೆ ಎಂಬುದು ಅವರವರ ಅಂತರಂಗದ ವಿಷಯ. ಅದನ್ನು ನಾವು ಹೇಳೆವು. ಆ ಮಗನು ಹೊರಡುವಾಗ, “ಈ ವಾರವೇ ಬರೆದುಕೊಡುತ್ತೇನೆ” ಎಂದು ಮಾತು ಕೊಟ್ಟನು. ಮೊಮ್ಮಗಳು ತನ್ನ ಪುಸ್ತಕದಲ್ಲಿ ‘ಬೆಂಗಳೂರು ದಕ್ಷಿಣ’ ಎಂಬುದರ ಮುಂದೆ ‘ನಮ್ಮೂರು’ ಎಂದು ಬರೆದುಕೊಂಡಳು.